ಬನ್ನಿ ಮಾವ

೨೯ ಜುಲೈ ೧೯೭೫, ಮಂಗಳವಾರ

ಭಾಷಣ ಮಾಡುವಂತಿಲ್ಲ. ಕರಪತ್ರ ಹಂಚುವಂತಿಲ್ಲ. ನಾಲ್ಕು ಮಂದಿ ಕೂಡಿ ನಿಂತರೆ ಪೊಲೀಸರು ಹೆಸರು ಕೇಳುತ್ತಾರೆ. ತುರ್ತು ಪರಿಸ್ಥಿತಿಯಂತೆ! ನಮ್ಮ ಕೇರಿಗೆ ತುರ್ತು ಇಲ್ಲದ ದಿನ ಯಾವುದಿತ್ತು? ಅದಕ್ಕೇ ಈ ವಹಿ. ಬಾಯಿ ಕಟ್ಟಿದವನು ಕೈಯಿಂದಾದರೂ ಬೈಯಲಿ.

ಹೇಮಪ್ಪನನ್ನು ಹಿಡಿದು ಇಪ್ಪತ್ತು ದಿನ ಆಯಿತು. ಅವನೂ ನಾನೂ ಹಿಟ್ನಾಳದ ಒಂದೇ ಕೇರಿಯವರು, ಒಂದೇ ಹಲಗೆ ಬಾರಿಸಿ ಮೆರವಣಿಗೆ ಹೊರಡಿಸಿದವರು. ಅವನು ಜೇಲಿನಲ್ಲಿ. ನಾನು ಗಂಗಾವತಿ ಕಡೆ ಮರಳಿ ಎಂಬ ಊರಿನಿಂದ ಮೂರು ಮೈಲಿ ಆಚೆ, ಈ ಭತ್ತದ ಊರಿನಲ್ಲಿ ದುರುಗಪ್ಪ ಮಾಸ್ತರ.

ಸಾಲಿಗೆ ಕಟ್ಟಡ ಇಲ್ಲ. ಹನುಮಪ್ಪನ ಗುಡಿಯ ಪೌಳಿಯಲ್ಲಿ, ಗೋಡೆಯೊಳಗಿನ ಪಡಸಾಲೆಯಲ್ಲಿ, ನಡೆಯುತ್ತದೆ. ಊರ ಹುಡುಗರು ನಲವತ್ತು, ಒಳಗೆ. ಕೇರಿಯ ಹುಡುಗರು ಹದಿಮೂರು, ಹೊರಗೆ ಬೇವಿನ ಗಿಡದ ಬುಡಕ್ಕೆ. ಒಳಗಿನವರಿಗೆ ಹೆಡ್‌ಮಾಸ್ತರ ಅಂದಪ್ಪ, ಹೊರಗಿನವರಿಗೆ ನಾನು. ಇದು ಅನ್ಯಾಯ ಎಂದು ಮೇಲಿನವರಿಗೆ ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಬರೆಯುತ್ತಲೇ ಇದ್ದೇನೆ.

ಇವತ್ತು ಸರಕಾರದ ಜೀಪು ಬಂತು. ಟೀವಿ ಇಳಿಸಿತು. ಅನ್ನ ಕೇಳಿದವರಿಗೆ ಗೊಂಬೆ!

೧ ಆಗಸ್ಟ್, ಶುಕ್ರವಾರ

ಟೀವಿ ಕೂಡಿಸಲು ಬಂದವನು ದಾದೇಸಾಬ. ಗಂಗಾವತಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನಂತೆ. ಗುಡಿಯ ಅಂಗಳದಲ್ಲಿ, ನನ್ನ ಹುಡುಗರ ಪಕ್ಕದಲ್ಲೇ, ಕೋಳಿಗೂಡಿನ ತಂತಿಜಾಳಿಗೆಯನ್ನು ಹತ್ತು ಅಡಿಯ ಮೊರದ ಹಾಗೆ ಬಾಗಿಸಿ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ.

"ಏನ್ ಹಿಡಿತೀಯೋ ಇದರಾಗ, ಕೋಳಿನೋ?" ಅಂದೆ.

"ಚಿತ್ರ ಹಿಡಿತೀನ್ರಿ ಮಾಸ್ತರ. ಇಪ್ಪತ್ತೆರಡು ಸಾವಿರ ಮೈಲಿ ಮ್ಯಾಲೆ ಒಂದು ಪೆಟಿಗಿ ತೂಗಾಡಕತ್ತೈತಿ. ಅದು ಒಗೀತೈತಿ, ಇದು ಹಿಡೀತೈತಿ."

ನಗಬೇಕೆಂದುಕೊಂಡೆ. ಆಗಲಿಲ್ಲ. ಕತ್ತೆತ್ತಿ ನೋಡಿದೆ. ಬರೀ ಬಿಸಿಲು, ಒಂದು ಹದ್ದು. ಆ ಖಾಲಿಯಿಂದ ಮಾತು ಇಳಿಯುತ್ತದೆ ಅಂದರೆ ಯಾರು ನಂಬಬೇಕು? ಹತ್ತು ಗಂಟೆಯ ಮೇಲೆ ಒಳಗೆ ಗರ್ರ್ ಅಂದು ಒಂದು ಹೆಣ್ಣುದನಿ ಕನ್ನಡದಲ್ಲಿ ನಮಸ್ಕಾರ ಅಂದಿತು. ಪೌಳಿಯ ಬಾಗಿಲಲ್ಲಿ ನಿಂತಿದ್ದ ಮುದುಕನೊಬ್ಬ ಮರಳಿ ಕೈ ಮುಗಿದ. ನನ್ನ ಮೈ ಜುಮ್ಮೆಂದಿತು. ಸರಕಾರದ ತುತ್ತೂರಿಗೆ ಮೈ ಜುಮ್ಮೆನ್ನಬಾರದು. ಆದರೂ ಎಂದಿತು, ಬರೆದಿಡುತ್ತೇನೆ.

ಬೆಳಕು ಬಿದ್ದರೆ ಚಿತ್ರ ಕಾಣದಂತೆ. ಅದಕ್ಕೆ ಟೀವಿಯ ಮುಖ ಒಳಗೋಡೆಗೆ, ಬೆನ್ನು ಬಾಗಿಲಿಗೆ. ನಮಗೆ ಕಂಡದ್ದು ಒಂದು ಕಟ್ಟಿಗೆಯ ಬೆನ್ನು, ನಲವತ್ತು ಹುಡುಗರ ಮುಖದ ಮೇಲೆ ಕುಣಿಯುವ ನೀಲಿ ಬೆಳಕು.

೬ ಆಗಸ್ಟ್, ಬುಧವಾರ

ಇವತ್ತು ಒಂದು ನಗೆಯಾಟ ಬಂತು. ಇನ್ನು ಪ್ರತಿ ಬುಧವಾರ ಬರುತ್ತದಂತೆ.

ಕೇಳಿದ್ದನ್ನಷ್ಟೇ ಬರೆಯಬಲ್ಲೆ. ಬಾಗಿಲು ಕಿರ್ರ್ ಅಂದಿತು. ಬೆಂಗಳೂರು ಕಡೆಯ ಮಾತಿನ ಒಬ್ಬ ಗಂಡಸು: "ಬನ್ನಿ ಬನ್ನಿ! ಎಲ್ಲರೂ ಒಳಗೆ ಬನ್ನಿ!" ಧಡಧಡ ಕಾಲಸಪ್ಪಳ. ಅವನು ಎಣಿಸುತ್ತಾನೆ, ಒಂದು, ಎರಡು, ಮೂರು, ಎಂಟರತನಕ. ಬಾಗಿಲು ಧಡಾರ್. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅದೇ ದನಿ, ಅಳುವ ಹಾಗೆ: "ಅಯ್ಯೋ ಶಿವನೇ! ನಾನೇ ಹೊರಗುಳಿದೆನಲ್ಲಾ!" ತನ್ನ ಮನೆಗೆ ಊರನ್ನೆಲ್ಲ ಕರೆದು ತಾನೇ ಹೊರಗುಳಿಯುವ ಮರೆಗುಳಿ ಮಾವ. ಎಣಿಕೆ ಕಲಿಸುವ ಉಪಾಯ.

ಒಳಗೆ ನಲವತ್ತು ಹುಡುಗರು ಹೋ ಎಂದು ನಕ್ಕರು. ಅರೆಗಳಿಗೆ ತಡೆದು ನನ್ನ ಹದಿಮೂರೂ ನಕ್ಕವು, ಏನಾಯಿತೆಂದು ಗೊತ್ತಿಲ್ಲದೆ. ನನಗೆ ಸಿಟ್ಟು ನೆತ್ತಿಗೇರಿತು. "ಮುಚ್ರಿ ಬಾಯಿ, ಎರಡರ ಮಗ್ಗಿ ಹೇಳ್ರಿ" ಎಂದೆ.

೨೦ ಆಗಸ್ಟ್, ಬುಧವಾರ

ಮಾರೆವ್ವಗೆ ಏಳು ವರ್ಷ. ಅವ್ವ ಇಲ್ಲ, ಅಜ್ಜಿ ಮುದುಕಮ್ಮನ ಹತ್ತಿರ ಬೆಳೆದವಳು. ನಾಲಿಗೆ ಚೂಪು.

"ಸರ, ಬನ್ನಿ ಮಾವ ಹೆಂಗದಾನ್ರಿ?"

ಹುಡುಗರು ಅವನಿಗೆ ತಾವೇ ಹೆಸರಿಟ್ಟಿದ್ದಾರೆ, ಬನ್ನಿ ಮಾವ. "ಮಗ್ಗಿ ಹೇಳು" ಎಂದೆ.

"ನೀವೂ ನೋಡಿಲ್ಲೇನ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಹಲಗೆ ಒರೆಸಿದೆ. ಬರೆದದ್ದೇ ಇರಲಿಲ್ಲ ಅದರ ಮೇಲೆ.

ಅವರೇ ಅವನನ್ನು ಮಾಡಿಕೊಂಡರು. ಒಬ್ಬ ಎಂದ, ಮೀಸೆ ಕಿವಿಯ ತನಕ ಅದಾವ. ಇನ್ನೊಬ್ಬ, ಹೊಟ್ಟೆ ಭತ್ತದ ಚೀಲದಷ್ಟು. ಮಾರೆವ್ವ ಎಂದಳು, "ಬಾಗಲಾ ಹಿಡಿಯೂದಿಲ್ಲ ಅವಗ, ಅಷ್ಟು ದೊಡ್ಡಾವ. ಅದಕ್ಕ ಹೊರಗ ಉಳೀತಾನ." ಎರಡು ಕಿವಿ, ಒಂದು ದನಿ, ಅಷ್ಟರಿಂದ ಒಬ್ಬ ಇಡೀ ಮನುಷ್ಯನನ್ನು ಮಾಡಿ ಅಂಗಳದಲ್ಲಿ ನಿಲ್ಲಿಸಿಬಿಟ್ಟರು. ನಾನು ಬೆರಗಾಗಿ ಕೂತೆ. ನಮ್ಮ ಸಭೆಗಳಲ್ಲಿ ಮೂರು ತಾಸು ಮಾತಾಡಿ ನಾವು ಒಂದು ಇರುವೆಯನ್ನೂ ಎಬ್ಬಿಸಿದ್ದಿಲ್ಲ.

೧೧ ಸೆಪ್ಟೆಂಬರ್, ಗುರುವಾರ

ವಯರು ಕಡಿದಿತ್ತೆಂದು ದಾದೇಸಾಬ ಬಂದ. ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದ. ಯಾರೂ ತಡೆಯಲಿಲ್ಲ.

"ನಿನ್ನ ಒಳಗ ಬಿಡತಾರಲ್ಲೋ ಸಾಬ" ಎಂದೆ.

"ಕೆಲಸ ಇದ್ದಾಗ ದೇವ್ರು ಕಣ್ ಮುಚ್ಕೋತಾನ್ರಿ." ಬೀಡಿ ಹಚ್ಚಿದ. ಆಮೇಲೆ ಹಗುರಾಗಿ ಹೇಳಿದ, "ಒಂದ ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತೆರಡು ಸಾವಿರ ಮೈಲಿ ದಾಟಿ ಚಿತ್ರ ಆ ಗುಡ್ಯಾಗ ಬಂದೈತಿ. ನೀವು ಎಂಟು ಹೆಜ್ಜಿ ಹೋಗವಲ್ರಿ."

ಅವನ ಅಂಗಿ ಹಿಡಿದೆ. "ನನಗ ಹೋರಾಟ ಕಲಸ್ತೀಯೇನಲೇ?"

"ಕಲಸೋದಿಲ್ರಿ. ಎಣಿಸಿದೆ ಅಷ್ಟ."

ಅವನು ಹೋದ ಮೇಲೆ ಎಣಿಸಿದೆ. ಒಂಬತ್ತು.

೩೦ ಸೆಪ್ಟೆಂಬರ್, ಮಂಗಳವಾರ

ಹೇಮಪ್ಪನ ಸುದ್ದಿ ಇಲ್ಲ.

೧೪ ಅಕ್ಟೋಬರ್, ಮಂಗಳವಾರ

ದಸರಾ. ಬನ್ನಿ ಮುಡಿಯುವ ಹಬ್ಬ. ಊರೊಳಗೆ ಒಬ್ಬರ ಕೈಗೆ ಒಬ್ಬರು ಎಲೆ ಕೊಟ್ಟು, ಬಂಗಾರದಂಗ ಇರೋಣ ಅನ್ನುತ್ತಾರೆ, ತಬ್ಬಿಕೊಳ್ಳುತ್ತಾರೆ. ನಮ್ಮವರು ಊರ ಮನೆಗಳಿಗೆ ಹೋಗಿ ಹೊಸ್ತಿಲ ಮೇಲೆ ಎಲೆ ಇಟ್ಟು, ಹಿಂದೆ ಸರಿದು ಕೈ ಮುಗಿದು ಬರುತ್ತಾರೆ. ಕೈಯಿಂದ ಕೈಗೆ ಇಲ್ಲ. ಬಂಗಾರ ಎಂದು ಹೆಸರಿಟ್ಟ ಎಲೆಯೂ ನಮ್ಮ ಕೈಯಲ್ಲಿ ಹೊಲಸು. ನಾನು ಕೇರಿ ಬಿಟ್ಟು ಎಲ್ಲಿಯೂ ಹೋಗಲಿಲ್ಲ.

ಮಾರೆವ್ವ ಒಂದು ಹಿಡಿ ಬನ್ನಿಯನ್ನು ಚಿಂದಿಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡಿದ್ದಾಳೆ. ಯಾರಿಗೆ ಎಂದರೆ ಹೇಳಲಿಲ್ಲ.

೨೨ ಅಕ್ಟೋಬರ್, ಬುಧವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ದಸರಾ ರಜೆ ಮುಗಿದ ಮೇಲೆ ಮೊದಲ ಬುಧವಾರ. ಒಳಗೆ ನಗೆಯಾಟ ಶುರುವಾಯಿತು. ಬಾಗಿಲು ಕಿರ್ರ್ ಅಂದಿತು. "ಬನ್ನಿ ಬನ್ನಿ! ಎಲ್ಲರೂ ಒಳಗೆ ಬನ್ನಿ!"

ಮಾರೆವ್ವ ಎದ್ದಳು. ಎದ್ದವಳು ನಡೆದಳು. ನೀರು ಕುಡಿಯಲು ಹೋದಂತೆ ಹೋಗಿ ಪೌಳಿಯ ಬಾಗಿಲು ದಾಟಿದಳು. ಟೀವಿಯ ಬೆನ್ನು ಬಳಸಿ ಮುಂದೆ ಹೋಗಿ ನಿಂತಳು. ಅವಳ ಮುಖದ ಮೇಲೂ ನೀಲಿ ಬೆಳಕು ಬಿತ್ತು. ಒಳಗಿನ ಹುಡುಗರು ಅವಳನ್ನೇ ನೋಡುತ್ತಾ ಕೂತರು. ಅಂದಪ್ಪನ ಕೈಯಲ್ಲಿ ಬೆತ್ತ, ಅದೂ ನಿಂತಲ್ಲೇ ನಿಂತಿತ್ತು.

"ತಗೋ ಮಾವ, ಬನ್ನಿ. ಬಂಗಾರದಂಗ ಇರೋಣು."

ಎಂಟು ದಿನದ ಒಣಗಿದ ಎಲೆಯನ್ನು ಎರಡೂ ಕೈಯಿಂದ ಗಾಜಿಗೆ ಒಡ್ಡಿದಳು. ಚಟಚಟ ಅಂದಿತು. ಎಲೆ ಕೆಳಗೆ ಬೀಳಲಿಲ್ಲ. ಅವಳ ಬೊಗಸೆಯಿಂದ ಹಾರಿ ಗಾಜಿಗೆ ಅಂಟಿಕೊಂಡವು. ಸಣ್ಣ ಸಣ್ಣ ಎಲೆ, ಇಪ್ಪತ್ತೋ ಮೂವತ್ತೋ, ಚಿತ್ರದೊಳಗಿನ ಮಾವನ ಮೈಮೇಲೆ, ಅವನ ಎರಡೂ ಚಾಚಿದ ಕೈಗಳ ಮೇಲೆ.

ಒಬ್ಬ ಊರ ಹುಡುಗ ಚೀರಿದ: "ತಗೊಂಡನಲೇ! ಮಾವ ಕೈಲೆ ತಗೊಂಡ!"

ಬೆತ್ತ ಆಗ ಎದ್ದಿತು. ಅದು ಇಳಿಯುವಷ್ಟರಲ್ಲಿ ಅಂದಪ್ಪನ ಮಣಿಕಟ್ಟು ನನ್ನ ಕೈಯಲ್ಲಿತ್ತು. ನಾನು ಯಾವಾಗ ಒಳಗೆ ಬಂದು ಗಾಜಿನ ಮುಂದೆ ನಿಂತೆ, ಚಪ್ಪಲಿ ಬಿಟ್ಟಿದ್ದೆನೋ ಇಲ್ಲವೋ, ನೆನಪಿಲ್ಲ. ಹುಡುಗಿಯನ್ನು ಎತ್ತಿಕೊಂಡು ಹೊರಗೆ ಬಂದೆ. ನೆನಪಿರುವುದು ಆ ಎಲೆ ಮಾತ್ರ.

ಗಿಡದ ಕೆಳಗೆ ಕೂಡಿಸಿ ಕೇಳಿದೆ: "ಯಾಕ ಹೋದಿ?"

"ಇಷ್ಟು ವಾರದಿಂದ ಕೇಳಾಕತ್ಯಾನಲ್ರಿ, ಎಲ್ಲಾರೂ ಒಳಗ ಬನ್ನಿ, ಬನ್ನಿ ಅಂತ. ಯಾರೂ ಕೊಡವಲ್ರು. ಪಾಪ ಅನಸ್ತು."

ಆಗ ತಿಳಿಯಿತು. ನಮ್ಮ ಕಡೆ ಕರೆಯುವುದು ಬರ್ರಿ ಎಂದು. ಬನ್ನಿ ಅಂದರೆ ಗಿಡ, ಎಲೆ, ಹಬ್ಬ. ಒಳಗಿನ ಹುಡುಗರು ಅವನ ಕೈಸನ್ನೆ ಕಂಡಿದ್ದರು, ಕರೆಯುತ್ತಾನೆಂದು ತಿಳಿದಿದ್ದರು. ಇವಳಿಗೆ ಬಂದದ್ದು ಬರೀ ದನಿ. ಹೊರಗೆ ಕೂಡಿಸಿದ್ದಕ್ಕೇ ತಪ್ಪು ತಿಳಿದಳು, ತಪ್ಪು ತಿಳಿದದ್ದಕ್ಕೇ ಒಳಗೆ ಹೋದಳು.

"ಸರ, ಅವಗ ಮೀಸಿ ಇಲ್ಲ. ಸಣ್ಣಾವ ಅದಾನ" ಎಂದಳು, ಭಾಳ ಬೇಸರದಿಂದ.

೨೩ ಅಕ್ಟೋಬರ್, ಗುರುವಾರ

ಗುಡಿಯ ಹಿರಿಯ ಯಂಕೋಬ ಕಟ್ಟೆಗೆ ಕರೆಸಿದ. ಕಾಲುವೆ ನೀರಿನ ನಲವತ್ತು ಎಕರೆ ಭತ್ತದ ಧಣಿ. ಪಕ್ಕಕ್ಕೆ ಅಂದಪ್ಪ, ಮಣಿಕಟ್ಟಿಗೆ ಅರಿಷಿಣ ಹಚ್ಚಿಕೊಂಡು.

"ಗುಡಿ ಮೈಲಿಗಿ ಆತು. ತಪ್ಪಾತು ಅಂತ ಬರದು ಸಹಿ ಮಾಡು. ನಿಮ್ಮ ಹುಡುಗರು ಒಳಗ ಕಾಲಿಡೂದಿಲ್ಲ ಅಂತನೂ ಬರಿ. ಮುಂದಿನ ಬುಧವಾರ ಟೀವಿ ಹಚ್ಚೂದರಾಗ ಕಾಗದ ನನ್ನ ಕೈಯಾಗ ಇರಬೇಕು."

"ಬರೀಲಿಲ್ಲಂದ್ರ?"

"ನೀ ಎಂಥಾ ಗುಂಪಿನಾವ ಅಂತ ಗೊತ್ತೈತಿ. ಈಗಿನ ಟೈಮು ಎಂಥಾದು? ಒಂದು ಅರ್ಜಿ ಹೋದ್ರ ಒಳಗ ಹಾಕತಾರ ನಿನ್ನ."

"ಛಲೋ ಐತ್ರಿ! ಹೊರಗಿದ್ದಾಗ ಒಳಗ ಬರಬ್ಯಾಡ ಅಂತೀರಿ. ಒಳಗ ಬಂದ್ರ ಒಳಗ ಹಾಕಸ್ತೀನಿ ಅಂತೀರಿ. ಒಂದ ಕಡೆ ನಿಂದರ್ರಿ."

ಹಿಂದೆ ನಿಂತವರಲ್ಲಿ ಇಬ್ಬರು ಕಿಸಕ್ಕೆಂದರು. ಯಂಕೋಬ ನಗಲಿಲ್ಲ.

ಮಾತಿಗೇನು, ಆಡಿಬಿಟ್ಟೆ. ಖೋಲಿಗೆ ಬಂದವನೇ ಬಾಗಿಲಿನ ಚಿಲಕ ಹಾಕಿಕೊಂಡೆ. ಹೇಮಪ್ಪನ ಉಗುರು ಕಿತ್ತಿದ್ದಾರೆಂದು ಮೊನ್ನೆ ಯಾರೋ ಹೇಳಿದ್ದು ನೆನಪಾಯಿತು. ಬರೆದು ಕೊಟ್ಟುಬಿಟ್ಟರೆ? ಒಂದು ಸಾಲು. ಹುಡುಗರು ಗಿಡದ ಕೆಳಗೇ ಇದ್ದರಲ್ಲ ಇಷ್ಟು ದಿನ, ಅದರಿಂದ ಸತ್ತೇಹೋದರೇ?

೨೫ ಅಕ್ಟೋಬರ್, ಶನಿವಾರ

ಟೀವಿ ಕೆಟ್ಟಿದೆಯೋ ನೋಡು ಎಂದು ದಾದೇಸಾಬನನ್ನು ಕರೆಸಿದ್ದರು. ಕೆಟ್ಟಿಲ್ಲ. ಎಲೆಯನ್ನು ಒರೆಸಲು ಯಾರಿಗೂ ಧೈರ್ಯ ಇರಲಿಲ್ಲವಂತೆ, ಯಂಕೋಬನಿಗೂ. ತಾವಾಗಿ ಉದುರಿದ್ದವಂತೆ.

"ಗಾಜಿನ ಮ್ಯಾಲೆ ಕರೆಂಟು ಕುಂತಿರತೈತ್ರಿ. ಹಗೂರ ಇದ್ದದ್ದನ್ನ ಜಗ್ಗತೈತಿ" ಎಂದ. ವಿಜ್ಞಾನ. ಸರಿ. ಅದು ಗೊತ್ತಾದ ಮೇಲೂ ನನ್ನ ಮೈಮೇಲಿನ ಮುಳ್ಳು ಇಳಿಯಲಿಲ್ಲ. ಗಾಜಿಗೆ ಕುಲ ಗೊತ್ತಿಲ್ಲ ಎಂದು ಅರ್ಥವಾದಾಗ ಇನ್ನಷ್ಟು ಎದ್ದಿತು.

ಆಮೇಲೆ ಗುಟ್ಟಾಗಿ ಎಂದ, "ಮಾಸ್ತರ, ಊರವರಿಗೆ ಹೇಳಿಬಿಡ್ಲೇನು? ಎಲ್ಲಾ ಹುಡುಗರೂ ಒಳಗ ಕುಂತ್ರನ ಮಶೀನು ನಡಿಯೂದು ಅಂತ. ನಂಬತಾರ್ರಿ, ಅವರಿಗೇನ್ ಗೊತ್ತು."

ಕ್ಷಣ ಆಸೆಯಾಯಿತು. "ಬ್ಯಾಡ ಸಾಬ. ಸುಳ್ಳಿನ ಹೆಗಲ ಮ್ಯಾಲೆ ಕುಂತು ಒಳಗ ಹೋದ್ರ, ಸುಳ್ಳು ತಿಳಿದ ದಿನ ಮತ್ತ ಹೊರಗ."

"ಹಂಗಾರ ನಡಕೋತ ಹೋಗ್ರಿ" ಅಂದ.

೨೮ ಅಕ್ಟೋಬರ್, ಮಂಗಳವಾರ

ಮಧ್ಯಾಹ್ನ ಮುದುಕಮ್ಮ ಬಂದಳು. ಕೊಯ್ಲಿಗೆ ಕೇರಿಯವರನ್ನು ಕರೆಯಬೇಡಿ ಎಂದು ಯಂಕೋಬ ಎಲ್ಲರಿಗೂ ಹೇಳುತ್ತಿದ್ದಾನಂತೆ.

"ನೀ ವರ್ಗ ಆಗಿ ಹೋಗತೀ ತಮ್ಮ. ನಾವು ಇಲ್ಲೇ ಬದುಕಬೇಕು."

"ಸಹಿ ಮಾಡ್ಲೇನಬೇ ಹಂಗಾರ?"

"ಅದನ್ನ ಹೇಳಾಕ ಬಂದಿಲ್ಲ ನಾ. ಒಂದ ಕೇಳಾಕ ಬಂದೆ." ಕುಕ್ಕರಗಾಲಲ್ಲಿ ಕೂತಳು. "ಹುಡುಗಿ ಸುಳ್ಳು ಹೇಳತಾಳ, ನೀ ಹೇಳೂದಿಲ್ಲ. ಎಲಿ ಅಂಟಿದ್ದು ಖರೇನ?"

"ಖರೇ ಐತಬೇ. ನನ್ನ ಕಣ್ಣಾರೆ ಕಂಡೀನಿ."

ಅವಳು ತನ್ನ ಅಂಗೈ ತಾನೇ ನೋಡಿಕೊಂಡಳು. "ಅರವತ್ತು ವರ್ಷ ಇಟ್ಟು ಬಂದೀನಿ ಹೊಸ್ತಿಲ ಮ್ಯಾಲೆ. ಒಬ್ಬರೂ ಕೈಲೆ ತಗೊಂಡಿಲ್ಲೋ ತಮ್ಮ."

ಎದ್ದು ಹೋದಳು. ಕೊಯ್ಲಿನ ಮಾತು ಮತ್ತೆ ತೆಗೆಯಲೇ ಇಲ್ಲ.

ನಾನು ಕಾಗದ ಬರೆದು ಮುಗಿಸಿದ್ದೆ. ಸಹಿ ಒಂದೇ ಬಾಕಿ ಇತ್ತು. ಅದನ್ನು ಹರಿದೆ ಎಂದು ಬರೆದರೆ ದೊಡ್ಡ ವೀರನಂತೆ ಕಾಣುತ್ತೇನೆ. ಹರಿಯಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡೆ.

೨೯ ಅಕ್ಟೋಬರ್, ಬುಧವಾರ

ಯಂಕೋಬ ಪೌಳಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅಂದಪ್ಪ ಟೀವಿ ಹಚ್ಚಿದ. ಆ ದನಿ ಬಂತು. ಹದಿಮೂರು ಹುಡುಗರು ಅಲುಗಲಿಲ್ಲ. ಮಾರೆವ್ವಳೂ ಅಲುಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬರ್ರೀ, ಒಳಗ ಹೋಗೂನು" ಎಂದೆ.

ಇಷ್ಟೇ. ಎರಡು ವರ್ಷ ಅರ್ಜಿ ಬರೆದವನು ಹೇಳಬೇಕಾದದ್ದು ಇಷ್ಟೇ ಇತ್ತು.

ನಡೆದೆವು. ಯಂಕೋಬ ಕುರ್ಚಿಯಿಂದ ಎದ್ದು ಅಡ್ಡ ನಿಂತ. "ಕಾಗದ ಎಲ್ಲಿ?" ಕೊಟ್ಟೆ. ಓದಲು ಬಾರದ ಧಣಿ ಅದನ್ನು ಅಂದಪ್ಪನತ್ತ ಚಾಚಿದ. ಅಂದಪ್ಪ ಓದುತ್ತಿದ್ದಂತೆ ಹದಿಮೂರು ಹುಡುಗರು ಅವರಿಬ್ಬರ ನಡುವೆ ನುಸುಳಿ ಒಳಗೆ ಹೋಗಿ ಆಗಿತ್ತು.

"ಸಹಿ ಇಲ್ರಿ ಇದಕ್ಕ" ಎಂದ ಅಂದಪ್ಪ.

"ಮಾಡೂದಿಲ್ರಿ" ಎಂದು ನಾನೂ ಒಳಗೆ ಹೋದೆ.

ಊರ ಹುಡುಗರು ಸರಿದು ಜಾಗ ಮಾಡಿಕೊಟ್ಟರು. ಯಾರೂ ಹೇಳಿರಲಿಲ್ಲ. "ಇಕಿನ್ನ ಮುಂದ ಕುಂದ್ರಸ್ರಿ, ಮಾವನ ಗುರತಿನಾಕಿ" ಎಂದ ಒಬ್ಬ. ಯಂಕೋಬ ಬಾಗಿಲಲ್ಲಿ ಕೂಗಾಡುತ್ತಿದ್ದ. ಅಂದಪ್ಪ ಬೆತ್ತ ಎತ್ತಿದ, ಸುತ್ತ ನೋಡಿದ. ಐವತ್ತಮೂರು ಮುಖಗಳು ನೀಲಿ ಬೆಳಕಿನಲ್ಲಿ ಒಂದೇ ಬಣ್ಣ. ಕಡೆಗೆ ಬೆತ್ತ ಇಳಿಸಿ, "ಸಾಲಾಗಿ ಕುಂದ್ರಸು ದುರುಗಪ್ಪ, ಹಿಂದಿನವರಿಗೆ ಅಡ್ಡ ಬರಬಾರದು" ಎಂದ.

ಅವತ್ತು ಎಲೆಯನ್ನಷ್ಟೇ ನೋಡಿದ್ದ ನಾನು ಆ ಮಾವನನ್ನು ಮೊದಲ ಸಲ ಸರಿಯಾಗಿ ಕಂಡೆ. ಬಡಕಲು ಮನುಷ್ಯ, ದೊಗಳೆ ಚಣ್ಣ. ಬಾಗಿಲು ಹಾಕಿಕೊಂಡು ಹೊರಗುಳಿದಾಗ ಅವನು ನೋಡುತ್ತಾನಲ್ಲ ಆ ನೋಟ, ಅದು ದನಿಯಲ್ಲಿ ಇರಲಿಲ್ಲ. ನಗುನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ದೂರದಿಂದ ಬಂದಿದ್ದಾನೆ ಪುಣ್ಯಾತ್ಮ.

೧೨ ನವೆಂಬರ್, ಬುಧವಾರ

ಹೋದ ಬುಧವಾರ ಊರ ಹುಡುಗರು ಹನ್ನೊಂದೇ ಬಂದಿದ್ದರು. ಮಿಕ್ಕವರನ್ನು ಮನೆಯಲ್ಲಿ ಕಟ್ಟಿಹಾಕಿದ್ದರು. ಇವತ್ತು ಮೂವತ್ತೆಂಟು. ಹುಡುಗರು ಅತ್ತು, ಉಣ್ಣದೆ ಕೂತು ಮನೆಯವರ ತಲೆ ಕೆಡಿಸಿದರಂತೆ. ಕೇರಿಯವರನ್ನು ಕೊಯ್ಲಿಗೂ ಕರೆದರು. ಭತ್ತ ಉದುರತೊಡಗಿತ್ತು, ಯಂಕೋಬನ ಸಿಟ್ಟಿಗಾಗಿ ಕಾಯಲಿಲ್ಲ. ಅವನ ಹೊಲಕ್ಕೆ ಮಾತ್ರ ಮಾನವಿ ತಾಲೂಕಿನಿಂದ ಆಳು ತರಿಸಿದ್ದಾನೆ.

೨೨ ನವೆಂಬರ್, ಶನಿವಾರ

ವರ್ಗದ ಆರ್ಡರ್ ಬಂತು. ಕುಷ್ಟಗಿ ತಾಲೂಕಿನ ಒಂದು ಮೂಲೆ. ಪೊಲೀಸರು ಇನ್ನೂ ಬಂದಿಲ್ಲ. ಬಂದರೂ ಬರಬಹುದು.

ಮಾರೆವ್ವನನ್ನು ಕೇಳಿದೆ: "ನಾ ಹೋದ ಮ್ಯಾಲೆ ಮತ್ತ ಹೊರಗ ಕುಂದ್ರಸಿದ್ರ ಏನ್ ಮಾಡ್ತಿ?"

"ಹಾದಿ ಗೊತ್ತೈತಲ್ರಿ" ಎಂದಳು.

೧ ಡಿಸೆಂಬರ್, ಸೋಮವಾರ

ಹೊಸ ಊರು. ಕರೀ ನೆಲ, ಜೋಳ, ಗಾಳಿ. ಟೀವಿ ಇಲ್ಲ, ಕರೆಂಟೂ ಇಲ್ಲ. ಸಾಲಿ ಇಲ್ಲಿಯೂ ಗುಡಿಯಲ್ಲಿ, ಬಸವಣ್ಣನದು. ಮಾಡಿನಲ್ಲಿ ಎರಡು ಕಡೆ ತೂತು, ರಿಪೇರಿಗೆ ಬರೆಯಬೇಕು. ಹಲಗೆಗೆ ಕಾಲು ಇಲ್ಲ. ಹುಡುಗರು ಇಪ್ಪತ್ತೊಂಬತ್ತು, ಊರಿನವರೂ ಕೇರಿಯವರೂ ಸೇರಿ. ಎಲ್ಲರನ್ನೂ ಒಳಗೆ ಕೂಡಿಸಿದರೆ ಇಕ್ಕಟ್ಟು, ಎರಡು ಸಾಲು ಗೋಡೆಗೆ ಬೆನ್ನು ಹಚ್ಚಿ ಕೂತರೆ ನಡೆಯುತ್ತದೆ. ಏಳರ ಮಗ್ಗಿ ಯಾರಿಗೂ ಬರುವುದಿಲ್ಲ, ಅದರಿಂದಲೇ ಶುರು ಮಾಡಿದೆ.

ನಡುವೆ ಬಾಗಿಲಲ್ಲಿ ಯಾರೋ ನಿಂತು ಬೆಳಕಿಗೆ ಅಡ್ಡವಾದರು. ಪೂಜಾರಿ. ಕೈಯಲ್ಲಿ ಬಸವಣ್ಣನ ಪೂಜೆಗೆ ನೀರಿನ ತಂಬಿಗೆ.

"ಮಾಸ್ತರ್ರ, ಒಳಗ ಬರಲೇನ್ರಿ?"

"ತಡೀರಿ, ಮಗ್ಗಿ ಮುಗೀಲಿ" ಎಂದೆ. ಏಳೆಂಟ್ಲೆಯಲ್ಲಿ ಹುಡುಗರ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಹೇಳಿಸಬೇಕಾಯಿತು.